ದಿನಕ್ಕೆ ಎಷ್ಟು ಇಟ್ಟಿಗೆ

ಭಾನುವಾರ. ಪಾಸ್ಟರ್ ಎಲೀಶರು
ವಿಮೋಚನಕಾಂಡ ಓದುತ್ತಿದ್ದರು:
ಇನ್ನು ಮೇಲೆ ಹುಲ್ಲು ಕೊಡುವುದಿಲ್ಲವಂತೆ,
ಹುಲ್ಲು ಅವರೇ ಆಯ್ದು ತರಬೇಕಂತೆ,
ಲೆಕ್ಕದಲ್ಲಿ ಮಾತ್ರ ಒಂದಿಟ್ಟಿಗೆಯೂ ಕಡಿಮೆ ಬೀಳಕೂಡದಂತೆ.

ಚಾಪೆಯಿಂದ ಅವ್ವ ಎದ್ದು ನಿಂತಳು.
"ಅಯ್ಯಾ, ದಿನಕ್ಕೆ ಎಷ್ಟು ಇಟ್ಟಿಗೆ?"

ಮಕ್ಕಳು ಕಿಸಕ್ಕೆಂದವು. ನಾನು ಸೆರಗು ಜಗ್ಗಿದೆ.
ಪಾಸ್ಟರ್ ಹಾಳೆ ತಿರುವಿದರು, ಹಿಂದಕ್ಕೆ, ಮುಂದಕ್ಕೆ.
"ಲೆಕ್ಕ ಬರೆದಿಲ್ಲ, ಹಾಲವ್ವಾ."
"ಕಪ್ಪೆ ಬರದಾರೆ, ಮಿಡತೆ ಬರದಾರೆ,
ಇಟ್ಟಿಗೆ ಎಷ್ಟಂತ ಬರೀಲಿಲ್ವಾ?"
ಕೂತಳು. ಕೂತು, ತನಗೇ ಹೇಳಿಕೊಳ್ಳುವಂತೆ,
"ಹಂಗಾದ್ರೆ ಲೆಕ್ಕದ ಪುಸ್ತಕ ಮೇಸ್ತ್ರಿ ಕೈಯಾಗೇ ಇತ್ತು."

ಹೊಳೆಹೊನ್ನೂರು ದಾರಿಯ ಗೂಡಿನಲ್ಲಿ
ನಮ್ಮದು ಸಾವಿರದ ಇನ್ನೂರು.
ಅಪ್ಪನ ಕೆಮ್ಮಿಗೆಂದು ತಂದ ಮುಂಗಡ ಎಂಟು ಸಾವಿರ.
ಅಪ್ಪ ಹೋದ, ಜೊತೆಗೆ ಕೆಮ್ಮೂ ಹೋಯಿತು,
ಎಂಟು ಮಾತ್ರ ಹದಿನಾಲ್ಕಾಗಿ ಉಳಿಯಿತು.
ಹಕ್ಕಿ ಕಟ್ಟುವುದೂ ಗೂಡು, ಇಟ್ಟಿಗೆ ಸುಡುವುದೂ ಗೂಡು;
ಎರಡಕ್ಕೂ ಒಂದೇ ಹೆಸರಿಟ್ಟವರು
ಯಾವುದರೊಳಗೂ ಮಲಗಿದವರಲ್ಲ.
ಹಸಿ ಇಟ್ಟಿಗೆಯ ಮೇಲೆ ಮಳೆ ಬಿದ್ದರೆ ನಮ್ಮ ಲೆಕ್ಕಕ್ಕೆ,
ನಾಯಿ ನಡೆದರೆ ನಮ್ಮ ಲೆಕ್ಕಕ್ಕೆ.
ನಾಲ್ಕು ವರ್ಷದವಳು ನಾನೂ ಒಮ್ಮೆ ನಡೆದೆ.
ಹದಿನೇಳು. ಅದೂ.

ನಮಗಾಗಿ ಸಮುದ್ರ ಸೀಳಲಿಲ್ಲ.
ಭದ್ರೆ ತನ್ನ ಪಾಡಿಗೆ ತಾನು ಕೂಡಲಿಯ ಕಡೆ ಹರಿಯುತ್ತಿದ್ದಳು.
ಒಂದು ಮಧ್ಯಾಹ್ನ ತಹಶೀಲ್ದಾರರ ಜೀಪು ಬಂತು,
ಹಿಂದೊಂದು ಟೆಂಪೋ. ಗುಮಾಸ್ತ
ಮಸಿ ಒಣಗಿದ ಠಸ್ಸೆಯನ್ನು ಉಸಿರು ಬಿಟ್ಟು ಹಸಿ ಮಾಡಿ
ಎರಡು ಸಲ ಒತ್ತಿದ.
ಹಿಟ್ಟು ನಾದಿಟ್ಟಿತ್ತು, ಒಂದು ರೊಟ್ಟಿಯನ್ನೂ ತಟ್ಟಿರಲಿಲ್ಲ.
ಅವ್ವ ಬೋಗುಣಿಯನ್ನು ಹಿಟ್ಟಿನ ಸಮೇತ
ಹಳೇ ಸೀರೆಯಲ್ಲಿ ಕಟ್ಟಿ ಹೆಗಲಿಗೇರಿಸಿದಳು.

ಅದೂ ಪುಸ್ತಕದಲ್ಲಿದೆ.
ಹುಳಿಯೇರುವ ಮೊದಲೇ ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿ
ಹೆಗಲ ಮೇಲೆ ಹೊತ್ತು ಹೊರಟರಂತೆ.
ನಾನದನ್ನು ಓದಿದ್ದು ಇಪ್ಪತ್ತು ವರ್ಷದ ಮೇಲೆ,
ಭದ್ರಾವತಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ.
ಎರಡು ಬಸ್ಸು ಬಿಟ್ಟೆ.
ನಂಬಿಕೆಯೆಂದರೆ ಏನೆಂದು ಕೇಳುತ್ತಾರೆ, ಹೇಳಲು ಬಾರದು.
ಯಾರೋ ನಮ್ಮ ಬೋಗುಣಿಯನ್ನು ನೋಡಿದ್ದರು,
ನಾವು ಹೊರುವುದಕ್ಕೂ ಮೊದಲೇ.

ಬಿಡುಗಡೆಯಾದ ಎರಡನೇ ತಿಂಗಳು
ವಾಪಸ್ ಹೋಗೋಣ ಅಂದಿದ್ದಳು ಅವ್ವ,
ಗೂಡಿನ ಬೂದಿಯಲ್ಲಿ ಸುಟ್ಟ ಗೆಣಸಿನ ರುಚಿ ನೆನೆದು.
ಇದನ್ನು ಅವಳು ಸಾಕ್ಷಿ ಹೇಳುವಾಗ ಬಿಡುತ್ತಾಳೆ.
ನಾನು ಬಿಡುವುದಿಲ್ಲ.

ಈಗ ಗುರುವಾರ ಗುರುವಾರ ಗಾಜನೂರಿನ ಬಸ್ಸು ಹತ್ತುತ್ತಾಳೆ,
ಅಕ್ಷರ ಬಾರದವಳು, ಚೀಲದ ತುಂಬ ನೋಟ್‌ಬುಕ್ಕು.
ಮಣ್ಣು ಮೆತ್ತಿದ ಹೆಂಗಸರ ಪಕ್ಕ ಕುಕ್ಕರಗಾಲಲ್ಲಿ ಕೂತು
ಗೆರೆ ಎಳೆಯಲು ಕಲಿಸುತ್ತಾಳೆ, ನೂರಕ್ಕೊಂದು ಗೆರೆ.
ದೇವರ ಸುದ್ದಿ ಎತ್ತುವುದಿಲ್ಲ.
ಯಾರಾದರೂ ಕೇಳಿದರೆ,
"ಇರು ತಾಯಿ, ಮೊದಲು ಎಣಿಸು.
ಅವನು ಹೆಂಗೂ ಕೇಳಿಸಿಕೊಂತಿರ್ತಾನೆ."
ಹೋದ ತಿಂಗಳು ಒಬ್ಬ ಮೇಸ್ತ್ರಿ ಪುಸ್ತಕ ಹರಿದು ಹಾಕಿದ.
ಮುಂದಿನ ವಾರ ಎರಡು ಒಯ್ದಳು.

ನಮ್ಮ ಪ್ರಾರ್ಥನಾಲಯಕ್ಕೆ ಟೈಲ್ಸ್ ಹಾಕಿಸಲು ದುಡ್ಡು ಕೂಡಿಬಂದಿಲ್ಲ.
ಅಗ್ಗಕ್ಕೆ ಸಿಕ್ಕ ವಕ್ರ ಇಟ್ಟಿಗೆಗಳನ್ನೇ ನೆಲಕ್ಕೆ ಹಾಸಿದ್ದಾರೆ.
ಬಾಗಿಲ ಹತ್ತಿರದ ಒಂದರಲ್ಲಿ
ಪುಟ್ಟ ಪಾದ, ಐದೂ ಬೆರಳು, ಸುಟ್ಟು ಗಟ್ಟಿಯಾದದ್ದು.
ನನ್ನದೇ ಎಂದು ಹೇಳಲಾರೆ. ಗೂಡುಗಳೂ ಬಹಳ, ಮಕ್ಕಳೂ ಬಹಳ.

ಆಮೆನ್ ಆಯಿತು. ಜನ ಚಪ್ಪಲಿ ಹುಡುಕುತ್ತಿದ್ದರು.
ಅವ್ವ ಬಗ್ಗಿ ಆ ಪಾದದ ಗುಳಿಯ ಧೂಳನ್ನು
ಹೆಬ್ಬೆರಳಿಂದ ಒರೆಸಿದಳು,
ಗದ್ದಕ್ಕೆ ಅಂಟಿದ ಅನ್ನ ತೆಗೆಯುವ ಹಾಗೆ.

"ಒಂದು," ಅಂದಳು.