ಷರಾ

ಬಾಣಾವರದ ಸ್ಟೇಷನ್ ರಸ್ತೆಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ.
ಸುಟ್ಟ ತಾಮ್ರದ ವಾಸನೆಯಲ್ಲೇ ಹೇಳಿಬಿಡುತ್ತೇನೆ
ಯಾವ ಬೋರು ತಳ ಕಂಡಿದೆ, ಯಾವುದಕ್ಕೆ ಬರೀ ವೋಲ್ಟೇಜಿನ ತಕರಾರು.
ಮಣ್ಣು ಕುಡಿದ ಮೋಟಾರಿನ ಬುಷ್ಷು ಒಂದು ಥರ ಸವೆಯುತ್ತದೆ,
ಗಾಳಿ ಕುಡಿದದ್ದು ಇನ್ನೊಂದು ಥರ.

ಕೆರೆ ಏರಿಯ ಕೆಳಗೆ ಅರವತ್ತಡಿ ಅಂತರದಲ್ಲಿ ಎರಡು ಬೋರು.
ಒಂದು ಪಂಚಾಯಿತಿಯದು. ಮೊದಲ ದಿನ ಮೂರು ಇಂಚು,
ಆರು ತಿಂಗಳಿಗೆ ಒಂದೂಕಾಲು, ಆಮೇಲೆ
ಹತ್ತು ನಿಮಿಷ ಎತ್ತಿ ಅರ್ಧ ಗಂಟೆ ಏದುಸಿರು.
ಇನ್ನೊಂದು ಗಂಗಾ ಕಲ್ಯಾಣದಲ್ಲಿ ದೊಡ್ಡಹೊನ್ನಯ್ಯನಿಗೆ ಕೊರೆಸಿಕೊಟ್ಟದ್ದು.
ಹದಿನಾರು ವರ್ಷದಿಂದ ಅದೇ ಒಂದೂವರೆ ಇಂಚು,
ಹೆಚ್ಚಿಲ್ಲ, ಕಮ್ಮಿಯಿಲ್ಲ, ಮೇಷ್ಟರ ಪಿಂಚಣಿಯ ಹಾಗೆ.

ಊರು ಹೇಳುವ ಕಾರಣಗಳೆಲ್ಲ ನನಗೂ ಗೊತ್ತು:
ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತದ್ದು,
ಪೂಜೆಗೆ ತಡವಾದದ್ದು, ಲಾರಿ ಬಡಗಣಕ್ಕೆ ಮುಖ ಮಾಡಿದ್ದು.
ನನಗೆ ಬೇಕಿದ್ದದ್ದು ಅಡಿ ಲೆಕ್ಕ.
ಎಷ್ಟಕ್ಕೆ ಕೇಸಿಂಗ್ ನಿಂತಿತು, ಎಷ್ಟಕ್ಕೆ ಮೊದಲ ಬಿರುಕು,
ಬಿಳಿ ಪುಡಿ ಎಲ್ಲಿ ಬಂತು, ಕರಿ ಪುಡಿ ಎಲ್ಲಿ.

ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ
ಮಾನ್ಯರೇ ಎಂದು ಅರ್ಜಿ ಬರೆದೆ.
ಇಪ್ಪತ್ತೊಂಬತ್ತನೇ ದಿನ ಹಾಸನದಿಂದ ಉತ್ತರ:
ಖುದ್ದು ಹಾಜರಾಗಿ ಪರಿಶೀಲಿಸಿಕೊಳ್ಳತಕ್ಕದ್ದು.

ಸಾರ್ವಜನಿಕ ದಾಖಲೆ ಎಂದರೆ
ಕಿಟಕಿ ತೆರೆಯದ ಒಂದು ಕೋಣೆ, ಕಾಲು ಮೋಟಾದ ಮೇಜು,
ಬೀಗದಕೈ ಎಲ್ಲಿದೆಯೆಂದು ಗೊತ್ತಿರುವ ಒಬ್ಬರೇ ಒಬ್ಬರು.
ಜಬೀನ್ ತಾಜ್ ಮೇಡಂ ಊಟದ ಡಬ್ಬಿ ಮುಚ್ಚಿಟ್ಟು
ಆರು ರಿಜಿಸ್ಟರು ಇಳಿಸಿಕೊಟ್ಟರು.
"ಅಂಚು ಉದುರುತ್ತೆ, ಅಂಗೈಯಿಂದ ತಿರುವಿ."

ಸಿಕ್ಕವು ಎರಡೂ.
ಪಂಚಾಯಿತಿಯದು ಆರುನೂರ ಹತ್ತು ಅಡಿ. ಹೊನ್ನಯ್ಯನದು ಇನ್ನೂರ ಮೂವತ್ತೆಂಟು.
ಇಳುವರಿ ಅಳೆದದ್ದು ಮಾತ್ರ ಎರಡಕ್ಕೂ ಮೊದಲನೇ ದಿನವೇ.
ಮದುವೆ ಫೋಟೋ ನೋಡಿ ಸಂಸಾರ ಹೇಳಿದ ಹಾಗೆ.

ಆಮೇಲೆ ಕಣ್ಣಿಗೆ ಬಿದ್ದದ್ದು:
ನಲವತ್ತೊಂದಾದ ಮೇಲೆ ಒಮ್ಮೆಗೇ ನಲವತ್ತಾರು.
ನಡುವಿನ ನಾಲ್ಕು ನನಗೆ ಗೊತ್ತಿತ್ತು.
ರಾತ್ರಿಯಿಡೀ ಲಾರಿ ಪಕ್ಕ ನಿಂತಿದ್ದೆ, ರೆಪ್ಪೆಯ ಮೇಲೆ ಕಲ್ಲಿನ ಹಿಟ್ಟು.
ಬೆಳಗಿನ ಜಾವ ಸೆಂಗೋಡನ್ ಕಂಪ್ರೆಸರ್ ಆರಿಸಿ
ಡೀಸೆಲ್ ಕ್ಯಾನಿನ ಮೇಲೆ ಸುಮ್ಮನೆ ಕೂತ.
ನಾಲ್ಕಕ್ಕೂ ಚಪ್ಪಡಿ ಮುಚ್ಚಿ ಬಂದಿದ್ದೆವು.

ಮೇಡಂ ಅಂದರು:
"ಫೇಲಾಗಿದ್ದಕ್ಕೆ ಬಿಲ್ ಹಾಕಿಲ್ಲ, ಬಿಲ್ ಇಲ್ಲದ್ದಕ್ಕೆ ಪುಟ ಇಲ್ಲ."

ನೀರು ಬಂದದ್ದಷ್ಟೇ ಬರೆದಿಟ್ಟರೆ
ಕಾಗದದ ಮೇಲೆ ನಮ್ಮ ಹೋಬಳಿ ಕೋಡಿ ಬಿದ್ದ ಕೆರೆ.
ಬಂಡೆ ಎಲ್ಲಿದೆ ಅಂತ ಬಲ್ಲವು ಆ ನಾಲ್ಕೇ,
ಅವುಗಳ ಬಾಯಿಗೇ ನಾವು ಕಲ್ಲು ಇಟ್ಟಿದ್ದೇವೆ.
ಇಷ್ಟನ್ನು ಹೇಳಿದೆನೋ, ಗೊಣಗಿದೆನೋ.

ಅವರು ಒಮ್ಮೆ ಬಾಗಿಲ ಕಡೆ ನೋಡಿದರು.
ಪೆನ್ನು ಬದಿಗಿಟ್ಟು ಪೆನ್ಸಿಲ್ ಹುಡುಕಿದರು.
ನಲವತ್ತೊಂದರ ಎದುರು, ಷರಾ ಎಂಬ ಖಾಲಿ ಅಂಕಣದಲ್ಲಿ,
ಸಾಸಿವೆ ಅಕ್ಷರ.
"ಹೇಳಿ."
ನಲವತ್ತೆರಡು: ಏಳುನೂರ ಮೂವತ್ತು, ಪುಡಿ ಮಾತ್ರ.
ನಲವತ್ಮೂರು: ಐನೂರ ಎಂಬತ್ತು, ತೇವ ಕೂಡ ಇಲ್ಲ.
ನಲವತ್ನಾಲ್ಕು: ನಾನೂರಕ್ಕೆ ಬಿಟ್ ಮುರಿಯಿತು.
ನಲವತ್ತೈದು...
ನೆನಪಾಗಲಿಲ್ಲ.

"ನೆನಪಿಲ್ಲ ಅಂತಲೇ ಬರೀಲಾ?"
ತಲೆಯಾಡಿಸಿದೆ. ಬರೆದರು:
ಆಳ ಗೊತ್ತಿಲ್ಲ. ನೀರಿಲ್ಲ.
ಕಂಡವರು: ಓಂಕಾರಮೂರ್ತಿ, ಮೋಟಾರ್ ರಿಪೇರಿ, ಬಾಣಾವರ.