ಯಾವ ಮಾಡೆಲ್ಲು?

ಮೂರನೇ ಸುತ್ತಿನ ಔಷಧವೂ ಹಿಡಿಯಲಿಲ್ಲ.
ಸೆಗೆಡ್ಡಿನ ಆಸ್ಪತ್ರೆಯ ಕಿಟಕಿಯಾಚೆ
ತೀಸಾ ನದಿ ಕೆಸರುಬಣ್ಣದಲ್ಲಿ ಏರುತ್ತಿತ್ತು,
ಮಾವನ ತೋಳಿಗೆ ಕೆಂಪು ಮದ್ದು
ಚೆರ್ರಿ ಷರಬತ್ತಿನಂತೆ ಹನಿಯುತ್ತಿತ್ತು.

"ಒಳಗೆ ಹೋದದ್ದು ಒಳಗೆ ನಿಲ್ಲುತ್ತಿಲ್ಲ ಅಂಬ್ರುಷ್ ಮಾವ,
ನಿಮ್ಮ ಕೆಟ್ಟ ಕೋಶಗಳಲ್ಲೊಂದು ಪಂಪು ಕೂತಿದೆ."
ನಲವತ್ತು ವರ್ಷ ನದಿಯ ಒಡ್ಡು ಕಾದವನು
ದಿಂಬಿನಿಂದ ತಲೆಯೆತ್ತಿದ:
"ಯಾವ ಮಾಡೆಲ್ಲು?"

ಚೀಲದಿಂದ ಚಿತ್ರ ತೆಗೆದೆ.
ಹರಳುಗಟ್ಟಲೂ ಪುರುಸೊತ್ತು ಕೊಡದೆ
ನೀರನ್ನು ಗಾಜಾಗಿಸಿ, ಅದರೊಳಗೆ ಸಿಕ್ಕಿಬಿದ್ದ
ಲಕ್ಷ ಮಸುಕು ನೆರಳುಗಳನ್ನು
ಒಂದರ ಮೇಲೊಂದು ಪೇರಿಸಿ
ನಾನೇ ಪಡೆದದ್ದು.

ಇದು ಗೋಡೆ; ಎರಡೇ ಪದರ, ಕೊಬ್ಬಿನದು.
ಅದನ್ನು ಹಾದು ಹನ್ನೆರಡು ಸುರುಳಿಗಂಬ,
ಆರಾರರ ಎರಡು ಪಾಲು,
ಮೇಲೆ ತಲೆ ಕೂಡಿಸಿ ಕೆಳಗೆ ಕಾಲಗಲಿಸಿ.
ನಡುವೆ ಗವಿ. ಗವಿಗೆ ಇಂಥದೇ ಬೀಗವೆಂದಿಲ್ಲ,
ಜಿಡ್ಡಿಗೆ ಒಗ್ಗುವ ಯಾವುದೇ ಬರಲಿ
ಗೋಡೆಯ ಮೈಯಿಂದಲೇ ಸೆಳೆದುಕೊಳ್ಳುತ್ತದೆ.
ಆಮೇಲೆ ಎರಡು ತುತ್ತು ಎಟಿಪಿ.
ಕೆಳಗಿನೆರಡು ಅಂಗೈ ಕೂಡುತ್ತವೆ,
ಒಳಬಾಯಿ ಮುಚ್ಚಿ ಹೊರಬಾಯಿ ತೆರೆದು
ಮದ್ದಿಗೆ,
ಬಂದ ದಾರಿಗೆ ಸುಂಕವಿಲ್ಲ.

"ಡೀಸೆಲ್ಲು ಯಾರದು?"
"ಆ ಕೋಶದ್ದೇ."
"ಹಿಂದಕ್ಕೆ ಸೋರುತ್ತದೆಯೇ?"
"ಇಲ್ಲವೆಂದೇ ಹೇಳಬೇಕು."
"ನಮ್ಮದು ಸೋರುತ್ತಿತ್ತು," ಎಂದು ನಕ್ಕ, ಕೆಮ್ಮಿದ,
ನರ್ಸ್ ಪಿರೋಷ್ಕಾ ಬಂದು ನೋಡಿ ಹೋದಳು.

ಕರುಳಲ್ಲೂ ಇದೇ ಇದೆ, ಮಿದುಳಿನ ನಾಳಗಳಲ್ಲೂ,
ನೀವು ಹುಟ್ಟುವ ಮೊದಲಿನಿಂದ ಕಾದು ನಿಂತಿದೆ.
ಇದರ ಬಾಯಿಗೆ ಬಿರಡೆ ಹೊಡೆಯಹೋದವರು
ಒಳ್ಳೆಯ ಕೋಣೆಗಳಿಗೂ ವಿಷ ನುಗ್ಗಿಸಿದರು.
ಹೇಳುತ್ತಾ ಹೋದೆ. ನನ್ನ ಧ್ವನಿ ನನಗೇ
ಕ್ಷಮೆ ಕೇಳುವವಳದರಂತೆ ಕೇಳಿಸಿತು.

ಅವನು ನದಿಯ ಕಡೆ ನೋಡಿದ.
"ಆ ದೊಡ್ಡ ನೆರೆಯ ವರ್ಷ
ಹನ್ನೊಂದು ರಾತ್ರಿ ನೀರೆತ್ತಿದೆ. ನಮ್ಮೂರು ಒಣಗಿತು.
ಎತ್ತಿದ್ದೆಲ್ಲ ಹೋಗಿ ನಿಂತದ್ದು
ವಿಧವೆ ಕ್ಲೋತಿಲ್ಡಳ ಬೀಟ್‌ರೂಟ್ ಹೊಲದಲ್ಲಿ.
ಪಂಪಿಗೆ ಹೊಲದ ಗುರುತಿಲ್ಲ ಮಗಳೇ,
ಉಂಡ ಮನೆಗೆ ಎರಡು ಬಗೆಯುವುದಿಲ್ಲ, ಅಷ್ಟೆ.
ಅದನ್ನು ಬೈಯಬೇಡ."

ಚಿತ್ರ ತನಗೇ ಇರಲೆಂದ. ಪೆನ್ಸಿಲ್ ಕೇಳಿದ.
ಬೆಳಿಗ್ಗೆ ನೋಡಿದರೆ ಕೆಳಗಿನ ಅಂಚಿನಲ್ಲಿ,
ಪಂಪುಮನೆಯ ದಿನಚರಿಯ ಅದೇ ಓರೆ ಅಕ್ಷರ:

ರಾತ್ರಿ ೧೧.೪೦. ಓಡುತ್ತಿದೆ.
ಸೋರಿಕೆಯಿಲ್ಲ.
ನೀರು ಇನ್ನೂ ಏರುತ್ತಿದೆ.