‘ನು’ ಮುಗಿದ ದಿನ

ಧಾರವಾಡದಿಂದ ಬಂದೀರಿ, ಕೂಡ್ರಿ.
ಸವೇರಪ್ಪ ಮಾಸ್ತರರ ಪ್ರಭಾವ ಯಾರ ಮ್ಯಾಲಾತು
ಅಂತ ಕೇಳತೀರಿ. ನಾ ಬರೇ ಮೊಳೆ ಜೋಡಿಸಿದಾಂವ.

ಬೆಟಗೇರಿಯೊಳಗ ಇಗರ್ಜಿಗೆ ಬೆನ್ನು ಕೊಟ್ಟ ಮನಿ,
ಅಪ್ಪನ ಮಗ್ಗದ ಕುಣಿ ಮುಚ್ಚಿ ಅದರ ಮ್ಯಾಲ ಮೇಜು.
ರೋಮಿಗೆ ಹೋಗಿ ಆರು ವರ್ಷ ಓದಿ
ಪಾದ್ರಿ ಆಗದ ತಿರುಗಿ ಬಂದರು.
ಯಾಕಂತ ಅವರು ಹೇಳಲಿಲ್ಲ, ಊರು ನಾಲ್ಕು ಕಾರಣ ಹೇಳಿತು.
ಲ್ಯಾಟಿನ್ ಬಲ್ಲ ಮಾಸ್ತರ, ಮುನಸಿಪಾಲಿಟಿ ಸಾಲ್ಯಾಗ
ಇಪ್ಪತ್ತಾರು ವರ್ಷ ಮಗ್ಗಿ ಬಾಯಿಪಾಠ ಮಾಡಿಸಿದರು.

ಬರೆದದ್ದು ಒಂದ ಪುಸ್ತಕ, ತೊಂಬತ್ತೆರಡು ಪುಟ.
“ಇಂಗ್ಲಿಷಿನಾಗ ಯಾಕ ಬರೀಲಿಲ್ಲರಿ?” ಅಂದೆ.
“ಅಲ್ಲಿ ಆ ಶಬ್ದಕ್ಕ ಒಂದ ಕೆಲಸ. ನಮ್ಮಲ್ಲಿ ನೋಡು,
ಇರು ಅಂದ್ರ ಬದುಕು, ಇರು ಅಂದ್ರ ತಡಿ,
ಇರು ಅಂದ್ರ ಹೋಗಬ್ಯಾಡ.”
ಹಿಂದಿನ ಖೋಲಿಯಿಂದ ನನ್ನ ಹೇಣ್ತಿ
“ಇರ್ರಿ, ಚಾ ತರತೀನಿ” ಅಂದಳು.
ಮಾಸ್ತರರು ಚೀಟಿ ತಗದು ಬರಕೊಂಡರು.

ಆಮ್ಯಾಲ ಆ ಪುಟ.
ಉರಿಯೋ ಪೊದಿಯೊಳಗಿಂದ ದೇವರು ತನ್ನ ಹೆಸರು ಹೇಳೋ ಜಾಗ:
ನಾನು ಇರುವೆನು.
ಖಾನೆಯೊಳಗ ‘ನು’ ಖಾಲಿ. ಹುಬ್ಬಳ್ಳಿಗೆ ಹೇಳಿ ಕಳಿಸಿದ್ದೆ,
ಬಸ್ಸಿನವರ ಸಂಪು, ಬಂದಿರಲಿಲ್ಲ.
ಕರಡಿನೊಳಗ ದೇವರು ಅಂದಿದ್ದ:
ನಾ ಇರುವೆ.

ಬೈತಾರ ಅಂತ ತಲಿ ತಗ್ಗಿಸಿ ನಿಂತೆ.
ಚಾಳೀಸ ಏರಿಸಿ ಓದಿದರು. ನಕ್ಕರು. ನಗು ನಿಂತಿತು.
ಮೇಜಿನ ಅಂಚಿಗೆ ಸಕ್ಕರಿ ಹರಳು ಹೊತ್ತು
ಒಂದು ಸಾಲು ಹೊಂಟಿತ್ತು.
ಅದು ದಾಟೂತನಕ ಮೊಣಕೈ ಎತ್ತಿ ಹಿಡಿದು ಕುಂತರು.
“ತಿದ್ದಬ್ಯಾಡೋ ಶೇಖಪ್ಪ,
ಇಷ್ಟು ಸಣ್ಣಾಗಿದ್ದರ
ನಾನೂ ನಂಬಬಹುದು.”

ಬಿಷಪ್ಪರ ಕಚೇರಿಯಿಂದ ಕಾಗದ ಬಂತು:
ಇದು ಅಚ್ಚಿನ ತಪ್ಪೋ, ವಿಚಾರದ ತಪ್ಪೋ?
ಮಾಸ್ತರರು ಕಾರ್ಡಿನ ಮ್ಯಾಲ ಬರೆದರು: ಎರಡೂ.

ಮುನ್ನೂರು ಪ್ರತಿ. ಎಷ್ಟು ಹೋದುವು ಕೇಳಬ್ಯಾಡ್ರಿ,
ಉಳಿದದ್ದು ಅಟ್ಟದ ಮ್ಯಾಲ ಐತಿ, ಬೇಕಾದರ ಎರಡು ಒಯ್ಯಿರಿ.
ದವಾಖಾನ್ಯಾಗ ಕಡೀ ಸಂಜಿ ನಾ ಎದ್ದು ನಿಂತಾಗ
“ಇರು” ಅಂದರು.
ಮೂರರಾಗ ಯಾವುದು ಅಂತ ಕೇಳಲಿಲ್ಲ. ಕುಂತೆ.
ಕೊರಳಾಗ ಲಿಂಗ ಇದ್ದಾಂವ ನಾ,
ಇಗರ್ಜಿ ಮೆಟ್ಟಲಾ ಹತ್ತಿದ್ದು ಅವರ ಮಣ್ಣಿಗೆ, ಒಮ್ಮೆ.

ಪ್ರಭಾವ ಅಂದಿರಿ. ಗೊತ್ತಿಲ್ಲರಿ,
ನಾ ಓದಿದ್ದು ಉಲ್ಟಾ ಅಕ್ಷರದಾಗ.
ಹೊಂಟಿರೇನು?
ಚೀಲ ಹಗೂರ ಎತ್ತರಿ,
ಅದರ ಬುಡಕ ಸಾಲು ಹೊಂಟೈತಿ.